ಪಕ್ಕದ ಶೆಡ್ಡಿನ ತಾಳ

ಗೊತ್ತಿಲ್ಲದ ವಿಷಯದ ಬಗ್ಗೆ ಧೈರ್ಯವಾಗಿ ಬರೆಯುವುದಕ್ಕೂ ಸಂಬಳ ಕೊಡುವ ಉದ್ಯೋಗ ಈ ಲೋಕದಲ್ಲಿ ಯಾವುದಾದರೂ ಇದ್ದರೆ ಅದು ಪತ್ರಿಕೋದ್ಯಮ ಎಂಬುದು ನನ್ನ ಅನುಭವ. ಬೇಗಂಪೇಟೆಯ ಹಳೆಯ ಕಟ್ಟಡವೊಂದರಲ್ಲಿರುವ ನಮ್ಮ ಪುಟ್ಟ ಸುದ್ದಿತಾಣಕ್ಕೆ ನಾನು ಇಷ್ಟು ವರ್ಷ ಬರೆದದ್ದು ಹೈದರಾಬಾದಿನ ರಸ್ತೆಗಳ ಬಗ್ಗೆ. ಗುಂಡಿಯ ಆಳವನ್ನು ಆಟೋದಿಂದ ಇಳಿಯದೇ ಹೇಳಬಲ್ಲೆ. ಡಾಂಬರು ಹೊಸದೋ ಹಳೆಯದೋ ಎಂಬುದು ನನ್ನ ಕಣ್ಣಿಗಿಂತ ಮೊದಲು ಬೆನ್ನಿಗೆ ತಿಳಿಯುತ್ತದೆ. ಹೀಗೆ ಸುಖವಾಗಿದ್ದಾಗ, ಸಂಗೀತದ ಬಗ್ಗೆ ಬರೆಯುತ್ತಿದ್ದ ಹುಡುಗಿ ಮದುವೆಯಾಗಿ ಪುಣೆಗೆ ಹೋದಳು. ನಮ್ಮ ಸಂಪಾದಕರು ಆಫೀಸಿನಲ್ಲೆಲ್ಲ ಕಣ್ಣಾಡಿಸಿ ಕೊನೆಗೆ ನನ್ನ ಮೇಜಿನ ಮುಂದೆ ಬಂದು ನಿಂತರು. "ಅಮ್ಮಾ, ಕೆಲಸ ಮಾಡುವಾಗ ನೀವು ಸಣ್ಣಗೆ ಗುನುಗುತ್ತಿರುತ್ತೀರಿ, ನಾನು ಗಮನಿಸಿದ್ದೇನೆ. ಇನ್ನು ಮೇಲೆ ಊರಿನ ಇಂಡೀ ಬ್ಯಾಂಡುಗಳೆಲ್ಲ ನಿಮ್ಮವು" ಎಂದರು. ಅದು ಗುನುಗುವುದಲ್ಲ, ಮೊಣಕಾಲು ನೋವಿಗೆ ನರಳುವುದು ಎಂದು ನಾನು ಹೇಳುವಷ್ಟರಲ್ಲಿ ಅವರು ತಮ್ಮ ಕೋಣೆಗೆ ಹೋಗಿ ಫೋನೆತ್ತಿಕೊಂಡಿದ್ದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಮೂರು ತಲೆಮಾರಿನಿಂದ ಈ ಊರಲ್ಲಿದ್ದರೂ ಮನಸ್ಸು ಮಾತ್ರ ವಿಜಯಪುರ ಜಿಲ್ಲೆಯನ್ನು ಬಿಟ್ಟು ಬಂದಿಲ್ಲ. "ಇಂಡೀನ? ಛಲೋ ಆತು ಬಿಡು. ಬರೋವಾಗ ಒಂದ್ ಚೀಲ ನಿಂಬಿಹಣ್ಣು ತಗೊಂಡ್ ಬಾ. ಇಂಡಿ ನಿಂಬಿಹಣ್ಣಂದ್ರ ಉಪ್ಪಿನಕಾಯಿಗೆ ಭಾಳ ಛಲೋ" ಎಂದರು. ಇದು ನಿಮ್ಮ ಜಿಲ್ಲೆಯ ಇಂಡಿ ಊರಲ್ಲ, ಸಿನಿಮಾದ ಹಂಗಿಲ್ಲದೆ ತಾವೇ ಹಾಡು ಕಟ್ಟಿ ತಾವೇ ಹಾಡುವವರ ಇಂಡೀ ಎಂದು ವಿವರಿಸಿದೆ. "ಮತ್ತ ಕೇಳೋರು ಯಾರು? ಅವರೂ ತಾವೇನ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆದರೆ ಮೊದಲ ಕಾರ್ಯಕ್ರಮಕ್ಕೆ ಹೋದಾಗ ಅವರ ಪ್ರಶ್ನೆಯಲ್ಲಿ ಹುರುಳಿದೆ ಅನ್ನಿಸಿತು. ಕೆಫೆಯೊಂದರಲ್ಲಿ ನಡೆದ ಆ ಸಂಗೀತಕ್ಕೆ ಬಂದವರಲ್ಲಿ ಬ್ಯಾಂಡಿನ ಗೆಳೆಯರು, ಗೆಳೆಯರ ಗೆಳೆಯರು, ನಾನು ಇವರನ್ನು ಬಿಟ್ಟರೆ ಉಳಿದವರು ಒಬ್ಬರೇ. ಅವರು ಕಾಫಿ ಕುಡಿಯಲು ಬಂದವರು. ನಡುವೆ ಎದ್ದು, ಒಂದು ಸಿನಿಮಾ ಹಾಡು ಹಾಡುತ್ತೀರಾ ಎಂದು ಕೇಳಿ, ಇಲ್ಲವೆಂದಾಗ ಬಿಲ್ಲು ಕೊಟ್ಟು ಹೋದರು.

ಆ ಬ್ಯಾಂಡಿನ ಹಾಡುಗಾರ್ತಿ ಪಲ್ಲವಿ, ನಮ್ಮ ಕಡೆಯವಳೇ. ಕಲಬುರ್ಗಿಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗಳು. ಹೊರಗೆಲ್ಲ ತೆಲುಗು, ಹಿಂದಿ ಮಾತಾಡಿಕೊಂಡಿದ್ದವಳು ನನ್ನ ಹೆಸರು ಕೇಳಿದ ಕೂಡಲೇ "ಕಾಕು, ನೀವು ಕನ್ನಡದವ್ರೇನ್ರಿ?" ಎಂದು ಕೈ ಹಿಡಿದುಕೊಂಡಳು. "ಬಾಲಾನಗರಕ್ಕ ಬರ್ರಿ, ನಮ್ಮ ಪ್ರಾಕ್ಟೀಸ್ ಅಲ್ಲೇ. ಅಪಾರ್ಟ್‌ಮೆಂಟಿನಾಗ ಡ್ರಮ್ ಬಾರಿಸಿದ್ರ ಮಂದಿ ಜಗಳಕ್ಕ ಬರ್ತಾರ. ಬಾಲಾನಗರದಾಗ ಎಲ್ಲಾರೂ ಏನರ ಬಡೀತಿರ್ತಾರ, ನಮ್ಮನ್ನ ಯಾರೂ ಕೇಳಂಗಿಲ್ಲ" ಎಂದಳು.

ಹೋದೆ. ಎರಡೂ ಕಡೆ ಕಬ್ಬಿಣದ ಕೆಲಸದ ಶೆಡ್ಡುಗಳು, ನಡುವೆ ಇವರು ಬಾಡಿಗೆಗೆ ಹಿಡಿದ ಒಂದು ತಗಡಿನ ಶೆಡ್ಡು. ಅದರಲ್ಲಿ ಎರಡು ಗಿಟಾರು, ಪಲ್ಲವಿಯಿಂದ ಅಷ್ಟಿಷ್ಟು ಕನ್ನಡ ಕಲಿತ ಸಾಯಿ ಎಂಬ ಹುಡುಗನ ಡ್ರಮ್ಮು, ಒಂದು ಪ್ಲಾಸ್ಟಿಕ್ ಕುರ್ಚಿ. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಹಾಡಿದರು. ಮೊದಲೆರಡು ಹಾಡು ಚೆನ್ನಾಗಿದ್ದವು, ಅಂದರೆ ನನಗೆ ನಿದ್ದೆ ಬರಲಿಲ್ಲ. ಮೂರನೆಯ ಹಾಡು ಬಸ್‌ಸ್ಟಾಪಿನಲ್ಲಿ ಕಾಯುವವಳ ಬಗ್ಗೆ. ಅದರ ನಡುವೆ ಇದ್ದಕ್ಕಿದ್ದಂತೆ 'ಢಣ್' ಎಂದು ಕಬ್ಬಿಣದ ಪೆಟ್ಟೊಂದು ಬಿತ್ತು. ಸ್ವಲ್ಪ ಬಿಟ್ಟು ಮತ್ತೆ 'ಢಣ್'. ನನ್ನ ಮೈ ಜುಮ್ಮೆಂದಿತು. ಆ ದಿನ ಮಧ್ಯಾಹ್ನವೇ ಬರೆದು ಹಾಕಿದೆ: 'ಕಾಯುವವಳ ಎದೆಬಡಿತವೋ, ದುಡಿಯುವ ನಗರದ ನಾಡಿಯೋ ಎಂಬಂತಿರುವ ಆ ಕಬ್ಬಿಣದ ತಾಳವೇ ಈ ಬ್ಯಾಂಡಿನ ಪ್ರತಿಭೆಯ ಶಿಖರ.' ಸಂಪಾದಕರು ಒಂದಕ್ಷರವನ್ನೂ ಮುಟ್ಟಲಿಲ್ಲ. ರಸ್ತೆಯ ಬಗ್ಗೆ ಬರೆಯುವಾಗ ನನಗೆ ಎಂದೂ ಸಿಗದ ಗೌರವ ಅದು.

ಮರುದಿನ ಪಲ್ಲವಿಯ ಫೋನು. ದನಿ ಸಣ್ಣಗಾಗಿತ್ತು. "ಕಾಕು, ಭಾಳ ಚಂದ ಬರ್ದೀರಿ. ಆದ್ರ ಆ ಢಣ್ ಅನ್ನೋದು ನಮ್ದಲ್ರಿ."

"ಮತ್ತ ಯಾರ್ದವಾ?"

"ಬಾಜೂ ಶೆಡ್ಡಿನ ಖಾಜಾ ಸಾಹೇಬ್ರದು. ಅವ್ರು ಪವರ್ ಪ್ರೆಸ್ಸಿನಾಗ ತಗಡು ಒತ್ತಾಕತ್ತಿದ್ರು."

ತಿದ್ದುಪಡಿ ಹಾಕಿಬಿಡೋಣ ಎಂದೆ. ಅವಳು ಗಾಬರಿಯಾದಳು. ನನ್ನ ಬರಹ ಓದಿ ಪ್ರತಿ ಜನವರಿ ನಾಂಪಲ್ಲಿಯಲ್ಲಿ ನಡೆಯುವ ವಸ್ತುಪ್ರದರ್ಶನದ ವೇದಿಕೆಯವರು 'ಕಬ್ಬಿಣದ ತಾಳದ ಬ್ಯಾಂಡ್' ನಮಗೆ ಬೇಕು ಎಂದು ಕರೆದುಬಿಟ್ಟಿದ್ದರಂತೆ. "ಇಷ್ಟು ದಿನ ನಮ್ಮ ಹಾಡು ಕೇಳಿದವ್ರೆಲ್ಲಾ ನಮ್ಮ ಗುರ್ತಿನವ್ರೇ ಕಾಕು. ಒಮ್ಮೆರ ಗುರ್ತಿಲ್ಲದವ್ರು ಕೇಳ್ಲಿ. ಆಮ್ಯಾಲೆ ಬೇಕಾದ್ರ ತಿದ್ರಿ" ಎಂದಳು. ತಿದ್ದುಪಡಿಯನ್ನು ಪ್ರದರ್ಶನ ಮುಗಿಯುವವರೆಗೆ ಮುಂದೂಡಿದೆ.

ಈಗ ಢಣ್ ಎಲ್ಲಿಂದ ತರುವುದು? ರೆಕಾರ್ಡ್ ಮಾಡಿ ನೋಡಿದರು, ಅಡುಗೆಮನೆಯಲ್ಲಿ ಪರಾತ ಬಿದ್ದಂತೆ ಕೇಳಿಸಿತು. ಸಾಯಿ ಕೊಳವೆಯೊಂದನ್ನು ತಂದು ಬಾರಿಸಿದ, ಶಾಲೆಯ ಗಂಟೆಯಾಯಿತು. ಕೊನೆಗೆ ನಾನೂ ಪಲ್ಲವಿಯೂ ಖಾಜಾ ಸಾಹೇಬರ ಹತ್ತಿರವೇ ಹೋದೆವು. ಈ ಮಕ್ಕಳ ಗಲಾಟೆಯಿಂದ ತಮಗೆ ತಲೆನೋವು ಎಂದು ಶೆಡ್ಡಿನ ಮಾಲೀಕನಿಗೆ ಎಷ್ಟೋ ಸಲ ದೂರಿದ್ದ ಮನುಷ್ಯ ಅವರು. ನಾನು ಬರೆದದ್ದನ್ನು ಹಿಂದಿಯಲ್ಲಿ ಹೇಳಿದೆ. ಅವರು ಮಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು, "ಎದೆಬಡಿತ ಅಂತ ಬರೆದಿದ್ದೀರಾ? ನನ್ನ ಪ್ರೆಸ್ಸನ್ನ?" ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಗಡ್ಡ ನೀವಿಕೊಳ್ಳುತ್ತ, "ರೆಕಾರ್ಡಿಂಗ್ ನಕ್ಕೋ ಬೇಟಾ, ಬೇಡವೇ ಬೇಡ. ನಾನೇ ಬರ್ತೀನಿ" ಎಂದುಬಿಟ್ಟರು.

ಪ್ರದರ್ಶನದ ಸಂಜೆ ಖಾಜಾ ಸಾಹೇಬರು ಬಿಳಿ ಶೇರ್ವಾನಿ ತೊಟ್ಟು, ಅತ್ತರು ಹಚ್ಚಿ, ಒಂದು ದಪ್ಪ ಕಬ್ಬಿಣದ ಹಲಗೆ ಮತ್ತು ಸುತ್ತಿಗೆಯೊಂದಿಗೆ ಬಂದರು. ವೇದಿಕೆಯ ಮುಂದೆ ಮಿರ್ಚಿ ಬಜ್ಜಿ ತಿನ್ನುತ್ತ ಕುಳಿತ ಜನ, ನಡುವೆ ನಾನು, ನಮ್ಮವರು. ಮೊದಲೆರಡು ಹಾಡಿಗೆ ಬಜ್ಜಿಯೇ ಗೆದ್ದಿತು. ಮೂರನೆಯ ಹಾಡಿಗೆ ಸಾಹೇಬರು ಸುತ್ತಿಗೆ ಎತ್ತಿದರು. ಢಣ್! ಎಲ್ಲರೂ ತಲೆ ಎತ್ತಿದರು, ಚಪ್ಪಾಳೆ ತಟ್ಟಿದರು. ಆದರೆ ಸಾಹೇಬರಿಗೆ ಚಪ್ಪಾಳೆಯ ರುಚಿ ಹತ್ತಿತು. ಇನ್ನೊಂದು ಢಣ್, ಅದರ ಬೆನ್ನಿಗೇ ಮತ್ತೊಂದು. ಪಲ್ಲವಿಯ ಸಾಲು ಒಂದು ಕಡೆ, ಸಾಯಿಯ ಡ್ರಮ್ಮು ಇನ್ನೊಂದು ಕಡೆ, ಸುತ್ತಿಗೆ ತನ್ನದೇ ದಾರಿಯಲ್ಲಿ. ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದ ಪಾಪದ ಹೆಣ್ಣಿನ ಮೇಲೆ ಬಸ್ಸೇ ಹರಿದಂತಾಯಿತು.

ಪಲ್ಲವಿ ಕೈ ಎತ್ತಿ ಹಾಡು ನಿಲ್ಲಿಸಿದಳು. ಮೈಕಿನಲ್ಲಿ ತೆಲುಗಿನಲ್ಲಿ ಶುರುಮಾಡಿ, ಅರ್ಧ ಹಿಂದಿಯಲ್ಲಿ, ನಡೆದದ್ದನ್ನೆಲ್ಲ ಹೇಳಿಬಿಟ್ಟಳು. "ಈ ತಾಳ ನಮ್ಮದಲ್ಲ, ನಮ್ಮ ನೆರೆಯವರ ಮಷಿನ್ನಿನದು. ಇದನ್ನು ಸಂಗೀತ ಅಂದವರು ಅಲ್ಲಿ ಕೂತಿದ್ದಾರೆ" ಎಂದು ನನ್ನತ್ತ ಕೈ ತೋರಿಸಿದಳು. ಮೈದಾನವೇ ನನ್ನ ಕಡೆ ತಿರುಗಿತು. ನಮ್ಮವರು ಮೆಲ್ಲಗೆ ಒಂದು ಕುರ್ಚಿ ಆಚೆಗೆ ಸರಿದು ಕುಳಿತರು. ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತು ನಮಸ್ಕಾರ ಮಾಡಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ಜೊತೆಗೇ ಪಲ್ಲವಿ ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಈ ಸಲ ಅವಳು ಕಣ್ಸನ್ನೆ ಮಾಡಿದಾಗ ಮಾತ್ರ ಸಾಹೇಬರು ಬಡಿದರು, ಉಳಿದ ಕಡೆ ಜನ ಚಪ್ಪಾಳೆ ತಟ್ಟಿದರು. ಹಾಡು ಮುಗಿದಾಗ ಹಿಂದಿನಿಂದ ಯಾರೋ ಒಬ್ಬರು, "ಇನ್ನೊಮ್ಮೆ ಅದೇ ಹಾಡು!" ಎಂದು ಕೂಗಿದರು. ಪಲ್ಲವಿ ಮೈಕು ಆರಿಸದೆಯೇ ಸಾಯಿಯತ್ತ ತಿರುಗಿ ಕೇಳಿದ್ದು ಕನ್ನಡ ಬಲ್ಲ ನಮಗೆ ಮಾತ್ರ ತಿಳಿಯಿತು: "ಯಾರಲೇ ಅವ್ರು? ನಿನಗೇನರ ಗುರ್ತ?" ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಕಣ್ಣೊರೆಸಿಕೊಂಡು ಮತ್ತೆ ಹಾಡಿದಳು.

ತಿದ್ದುಪಡಿ ಪ್ರಕಟಿಸಿದೆ. ಮುಂದೆ ಎಚ್ಚರವಾಗಿರಬೇಕೆಂದು ನಿಶ್ಚಯವನ್ನೂ ಮಾಡಿದೆ. ಹೋದ ವಾರ ಪಲ್ಲವಿ ಹೊಸ ಹಾಡೊಂದನ್ನು ಕಳಿಸಿ ಅಭಿಪ್ರಾಯ ಕೇಳಿದಳು. ಗಮನವಿಟ್ಟು ಕೇಳಿದೆ. ಈ ಸಲ ನಾನು ಮೋಸ ಹೋಗುವವಳಲ್ಲ. ಕೂಡಲೇ ಫೋನ್ ಮಾಡಿ ಹೇಳಿದೆ: "ಪಲ್ಲವಿ, ಹಾಡು ಭಾಳ ಛಲೋ ಐತಿ. ಆದ್ರ ಕೊನೀಗೆ ಯಾರೋ ಮಗ್ಗಲ ಮನ್ಯಾಗ ಮಿಕ್ಸರ್ ಹಚ್ಯಾರ ನೋಡು. ಅದನ್ನೊಂದು ತಗಿಸಿಬಿಡು."

"ಕಾಕು," ಎಂದಳು, "ಅದು ನಾನು ಆಲಾಪ ಮಾಡಿದ್ದು."

ಆ ಆಲಾಪವನ್ನು ಹೊಗಳಿ ನಾನು ಎರಡು ತುಂಬು ಪ್ಯಾರಾ ಬರೆದಿದ್ದೇನೆ. ನಾಳೆ ಪ್ರಕಟವಾಗುತ್ತದೆ.