ಕಂಪ್ಯೂಟರಿನಲ್ಲಿ ಊರು ತಪ್ಪಿದ ಕಾಕಾ

ನಮ್ಮ ಕಾಕಾ ಕಂಪ್ಯೂಟರಿನ ಮೇಲೆ ಸಿಟ್ಟಾಗಿ ಎರಡು ದಿನ ಊಟ ಬಿಟ್ಟಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಲೇಬೇಡಿ! ಬಿಟ್ಟಿದ್ದು ರೊಟ್ಟಿಯನ್ನು ಮಾತ್ರ. ಮಂಡಕ್ಕಿ, ಮಿರ್ಚಿ ಎಂದಿನಂತೆ ನಡೆದಿತ್ತು.

ಹಾನಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಅಂಗಡಿ. ಲಗ್ನಪತ್ರಿಕೆ ಟೈಪು ಮಾಡಿ, ಅಚ್ಚು ಹಾಕಿಸಿ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಫೈಲಿಗೂ ಅವರು ಹೆಸರಿಟ್ಟವರಲ್ಲ. ಕಂಪ್ಯೂಟರು ತಾನಾಗಿ ಕೊಟ್ಟದ್ದೇ ಹೆಸರು: ಹೊಸದು ಒಂದು, ಹೊಸದು ಎರಡು, ಹೊಸದು ನೂರಾ ಹನ್ನೆರಡು! "ಹೆಸರಿಡ್ರಿ ಕಾಕಾ" ಎಂದರೆ, "ನಿಮ್ಮ ಮನ್ಯಾಗ ಉಪ್ಪಿನ ಡಬ್ಬಿ ಮ್ಯಾಲೆ ಉಪ್ಪು ಅಂತ ಬರ್ದೀಯೇನು? ಎಲ್ಲೈತಿ ಅಂತ ಕೈಗೆ ಗೊತ್ತಿರತೈತಿ" ಎನ್ನುತ್ತಾರೆ.

ಕೈಗೆ ಗೊತ್ತಾಗುವುದು ಹೇಗೆ? ಅದೇ ತಮಾಷೆ. ಅವರಿಗೆ ಕಂಪ್ಯೂಟರಿನ ಪರದೆಯೇ ನಮ್ಮ ಸೀಮೆಯ ನಕಾಶೆ! ಎಡಗಡೆ ಹಾನಗಲ್, ಮೇಲೆ ಶಿಗ್ಗಾಂವಿ, ಅದರ ಎಡಕ್ಕೆ ತಡಸ, ಬಲಕ್ಕೆ ಸವಣೂರು, ಕೆಳಗೆ ಹಿರೇಕೆರೂರು, ಅದರ ಮಗ್ಗುಲಿಗೆ ಚಿಕ್ಕೇರೂರು. ಯಾವ ಊರಿನ ಹುಡುಗಿಯ ಲಗ್ನವೋ, ಆ ಊರಿನ ಜಾಗದಲ್ಲಿ ಅವಳ ಪತ್ರಿಕೆ. ಇಷ್ಟಕ್ಕೇ ಮುಗಿಯಿತೇ? ಲಗ್ನವಾದ ಮರುದಿನ ಕಾಕಾ ಆ ಫೈಲನ್ನು ಮೌಸಿನಿಂದ ಹಿಡಿದು ಗಂಡನ ಊರಿಗೆ ಎಳೆದು ಬಿಡುತ್ತಾರೆ. ಹುಡುಗಿ ಗಂಡನ ಮನೆಗೆ ನಡೆಯಲು ಹೋದಮೇಲೆ ಪತ್ರಿಕೆ ತವರಿನಲ್ಲಿ ಕೂತು ಏನು ಮಾಡಬೇಕು? ಒಮ್ಮೆ ತಡಸದ ಮದುಮಗಳನ್ನು ಹಿರೇಕೆರೂರಿಗೆ ಕಳಿಸುವಾಗ ಹಾನಗಲ್ ಮೇಲೆ ಹಾಯಿಸಿ, ಅಲ್ಲೊಂದು ಗಳಿಗೆ ನಿಲ್ಲಿಸಿದರು.

"ಸೀದಾ ಒಯ್ದರ ಏನಾಗತೈತ್ರಿ ಕಾಕಾ?"

"ಸೀದಾ ಬಸ್ ಎಲ್ಲೈತಿ?"

ಇಂಥ ಕಂಪ್ಯೂಟರು ಒಂದು ಬೆಳಿಗ್ಗೆ ಅಪ್‌ಡೇಟು ಮುಗಿಸಿಕೊಂಡು ಹೊಸ ವೇಷದಲ್ಲಿ ಎದ್ದಿತು. ನಾನು ಕಾಕಾನ ಅಣ್ಣನ ಮಗಳು; ಹಾನಗಲ್ಲಿನಲ್ಲಿ ಅವರ ಮನೆಯಲ್ಲೇ ಬೆಳೆದು, ಲಗ್ನವಾದ ಮೇಲೆ ಚಿಕ್ಕೇರೂರಿನಲ್ಲಿ ಟೀಚರು. ನಮ್ಮ ಮನೆತನದಲ್ಲಿ ಯಾರ ಕಂಪ್ಯೂಟರು ಮುನಿದರೂ ಫೋನು ಬರುವುದು ನನಗೇ.

"ಯವ್ವಾ, ಬಟನ್ ಕಳುವಾಗೇತಿ!"

"ಯಾವ ಬಟನ್ರೀ?"

"ಶುರು ಮಾಡೋದು! ಎಡಕ್ಕ ಮೂಲ್ಯಾಗ ತನ್ನ ಪಾಡಿಗೆ ತಾ ಇತ್ತು. ಈಗ ನಡಬರಕ ಬಂದು ಕುಂತೈತಿ, ಬೀಗರಂಗ!"

ಮಧ್ಯಾಹ್ನ ಮತ್ತೊಂದು ಫೋನು. ಮೌಸಿನ ಬಲಗಡೆಯ ಗುಂಡಿ ಒತ್ತಿದರೆ ಮೊದಲು 'ಕಾಪಿ' ಎಂಬ ಅಕ್ಷರ ಬರುತ್ತಿತ್ತು, ಈಗ ಬರೀ ಚಿತ್ರಗಳು ಬರುತ್ತವಂತೆ. "ಹಂಗಾರ ನಾ ಸಾಲಿ ಕಲ್ತದ್ದು ಯಾತಕ್ಕ? ಡಬ್ಬಿ ಚಿತ್ರ ಚಲೋ ಐತಿ ಅಂತ ಒತ್ತಿದ್ನಿ ನೋಡು, ಶಿಗ್ಗಾಂವಿ ಮದುಮಗಳು ಕಾಣವಲ್ಲಳು!" ಫೋನಿನಲ್ಲೇ ದಾರಿ ಹೇಳಿ, ಪಾಪ, ಆ ಮದುಮಗಳನ್ನು ಕಸದ ಡಬ್ಬಿಯಿಂದ ಎತ್ತಿಸಿದೆ.

ಮೂರನೆಯ ಫೋನಿನಲ್ಲಿ ದನಿ ಇಳಿದಿತ್ತು. "ಊರು ಹೋದ್ವು ಯವ್ವಾ."

ಹೊಸ ವೇಷದ ಕಂಪ್ಯೂಟರು ಶಿಸ್ತಿನದು. ಪರದೆಯ ಮೇಲಿದ್ದ ಅಷ್ಟೂ ಫೈಲುಗಳನ್ನು ಎಡಗಡೆಯಿಂದ ಸಾಲಾಗಿ ನಿಲ್ಲಿಸಿಬಿಟ್ಟಿತ್ತು. "ಸಾಲಿ ಹುಡುಗ್ರು ಪ್ರಾರ್ಥನಾಕ್ಕ ನಿಂತಂಗ ನಿಂತಾವು. ಯಾರು ಯಾವೂರೋ ತಿಳಿವಲ್ದು. ಅಂಗಡಿ ಬಂದ್ ಮಾಡ್ತೇನಿ" ಎಂದರು. ನಾನು ನಕ್ಕೆ. ಆ ಕಡೆ ನಗು ಬರಲಿಲ್ಲ. ರೊಟ್ಟಿ ಬಿಟ್ಟ ಸುದ್ದಿಯನ್ನು ಅವರ ಹೆಂಡತಿ, ನಮ್ಮ ಕಾಕೂ, ಹೇಳಿದಾಗ ನನಗೂ ಗಾಬರಿಯಾಯಿತು. ಊರುಗಳು ತಮ್ಮ ತಮ್ಮ ಜಾಗಕ್ಕೆ ಬರದಿದ್ದರೆ ಈ ಮನುಷ್ಯ ನಿಜವಾಗಿ ಬಾಗಿಲು ಹಾಕುವವರೇ!

ಭಾನುವಾರ ಹಾನಗಲ್ಲಿಗೆ ಹೋದೆ. ಅಂಗಡಿಯಲ್ಲಿ ಸವಣೂರಿನ ಬಟ್ಟೆ ವ್ಯಾಪಾರಿ ಸಾಹೇಬರು ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ಹಿರಿಯ ಮಗಳ ಲಗ್ನಪತ್ರಿಕೆ ಹೇಗಿತ್ತೋ ಕಿರಿಯಳದೂ ಹಾಗೇ ಆಗಬೇಕು. ಹಿರಿಯಳದು ಎಲ್ಲಿದೆ? ದೇವರಿಗೇ ಗೊತ್ತು! ಒಂದೊಂದೇ ಫೈಲು ತೆರೆದೆವು. ಯಾರದೋ ತೊಟ್ಟಿಲು, ಯಾರದೋ ಗೃಹಪ್ರವೇಶ, ಒಂದರ ಹಿಂದೊಂದು ಹತ್ತು ಲಗ್ನ. ಕಾಕಾ ಬೆವೆತು ಹೋದರು.

"ಗಡಬಡಿ ಇಲ್ಲ ಬಿಡ್ರಿ" ಎಂದರು ಸಾಹೇಬರು. "ಕರೀದಿದ್ರೂ ಇಷ್ಟು ಮಂದಿ ಲಗ್ನಕ್ಕ ಹೋಗಿ ಬಂದಂಗಾತು."

ಕೊನೆಗೆ ಸಿಕ್ಕಿತು. ಸಾಲು ನಿಲ್ಲಿಸುವ ಕಂಪ್ಯೂಟರಿನ ಶಿಸ್ತನ್ನು ನಾನು ಬಂದ್ ಮಾಡಿದೆ. ಕಾಕಾ ಮೊದಲು ಮಾಡಿದ ಕೆಲಸವೆಂದರೆ ಆ ಫೈಲನ್ನು ಬಂಕಾಪುರಕ್ಕೆ, ಅಂದರೆ ಅಳಿಯನ ಊರಿಗೆ, ಮುಟ್ಟಿಸಿದ್ದು. ಸಾಹೇಬರು ಎದ್ದು ನಿಂತು ನೋಡಿ, "ಹೌದ್ರಿ, ಅಲ್ಲೇ ಅದಾಳು" ಎಂದರು. ಕಾಕಾನ ಮುಖದಲ್ಲಿ ಎರಡು ದಿನದ ಮೇಲೆ ಕಳೆ ಬಂತು.

ಸಾಹೇಬರು ಹೋದಮೇಲೆ ನಾವಿಬ್ಬರೇ ಕುಳಿತೆವು. ಆಮೇಲೆ ನಾನು ಫೈಲು ತೆರೆಯುವುದು, ಕಾಕಾ ಓದಿ ಊರು ಹೇಳುವುದು, ನಾನು ಎಳೆದು ಬಿಡುವುದು. ಅವಸರಕ್ಕೆ ಒಬ್ಬಳನ್ನು ನೆಟ್ಟಗೆ ಎಳೆದೆ. "ಏ, ಹಾಯಿಸಿ ಒಯ್ಯಿ!" ಎಂದು ಬೈಸಿಕೊಂಡೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ತಡಸ ತಡಸದಲ್ಲಿತ್ತು, ಹಿರೇಕೆರೂರು ತುಂಬಿತ್ತು. ಕಾಕೂ ತಂದಿಟ್ಟ ರೊಟ್ಟಿಯ ಕಡೆ ಮಾತ್ರ ಕಾಕಾ ಇನ್ನೂ ತಿರುಗಿ ನೋಡಿರಲಿಲ್ಲ.

ಒಂದೇ ಫೈಲು ಉಳಿದಿತ್ತು. ತೆರೆದೆ. ನನ್ನದೇ ಲಗ್ನಪತ್ರಿಕೆ! ಒಂಬತ್ತು ವರ್ಷ ಹಳೆಯದು. ನಗುತ್ತಾ ಹಿಡಿದು ಚಿಕ್ಕೇರೂರಿನ ಕಡೆ ಎಳೆಯತೊಡಗಿದೆ. ಕಾಕಾ ಮೌಸಿನ ಮೇಲಿದ್ದ ನನ್ನ ಕೈ ಹಿಡಿದುಬಿಟ್ಟರು.

"ಅದು ಅಲ್ಲಿದ್ದದ್ದಲ್ಲ."

"ಯಾಕ್ರೀ? ನಾ ಚಿಕ್ಕೇರೂರಿಗೆ ಹೋಗಿ ಒಂಬತ್ತು ವರ್ಷ ಆತಲ್ರಿ."

"ನೀ ಹೋದಿ. ಇದನ್ನ ಕಳಸಾಕ ನನಗ ಕೈ ಬರ್ಲಿಲ್ಲ. ದಿನಾ ಮುಂಜಾನೆ ಕಂಪ್ಯೂಟರ್ ಹಚ್ಚಿದ ಕೂಡ್ಲೇ ನೋಡ್ತಿದ್ನಿ, ಹಾನಗಲ್ಲಾಗ ಅದಿ ಅಂತ. ಮೊನ್ನಿಂದ ಆ ಗದ್ದಲದಾಗ ನೀ ಎಲ್ಲಿದ್ದೀಯೋ ಕಾಣಲೇ ಇಲ್ಲ."

ಅವರು ರೊಟ್ಟಿ ಬಿಟ್ಟದ್ದು ನಡುವೆ ಬಂದು ಕುಳಿತ ಬಟನ್ನಿಗಾಗಿ ಅಲ್ಲವೆಂದು ಆಗ ತಿಳಿಯಿತು. ಫೈಲನ್ನು ವಾಪಸು ತಂದು ಹಾನಗಲ್ಲಿನಲ್ಲಿ ಬಿಟ್ಟೆ. ಕಾಕಾ ಅದನ್ನು ಒಂದು ಚೂರು ಸರಿಸಿದರು.

"ನಮ್ಮ ಮನಿ ಇಲ್ಲಿ ಬರತೈತಿ" ಎಂದು ರೊಟ್ಟಿಯ ತಾಟು ಹತ್ತಿರ ಎಳೆದುಕೊಂಡರು.

ಅವರು ಉಂಡು ಕೈ ತೊಳೆಯುವವರೆಗೂ ಕುಳಿತಿದ್ದು, ಆಮೇಲೆ ನಾನು ಚಿಕ್ಕೇರೂರಿನ ಬಸ್ಸು ಹತ್ತಿದೆ.