ನಾಲ್ಕೇ ಅಡಿಗೆ ನೀರು

ಭೂಗರ್ಭದ ರಹಸ್ಯವನ್ನು ಅರಿಯಲು ಮನುಷ್ಯನಿಗೆ ವಿದ್ಯೆ, ತಾಳ್ಮೆ, ವಿನಯ ಮೂರೂ ಬೇಕು. ನನ್ನಲ್ಲಿ ವಿದ್ಯೆ ಇತ್ತು.

ಅಂತರ್ಜಲ ಶಾಸ್ತ್ರಜ್ಞನಾಗಿ ಮೂವತ್ತು ವರ್ಷ ಕುಷ್ಟಗಿ, ಯಲಬುರ್ಗಾದ ಕಲ್ಲುನೆಲದಲ್ಲಿ ಬೋರ್‌ವೆಲ್‌ಗೆ ಜಾಗ ಗುರುತಿಸಿ ನಿವೃತ್ತನಾದವನು ನಾನು. ಊರಿಗೆಲ್ಲ ನೀರು ತೋರಿಸಿದವನ ಕೊಪ್ಪಳದ ಮನೆಯಲ್ಲಿ ಮಾತ್ರ ಬೋರ್ ಇರಲಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನಳದ ನೀರನ್ನು ಕೊಡ, ಬಕೆಟ್ಟು, ಕೊನೆಗೆ ಕುಕ್ಕರಿನಲ್ಲೂ ತುಂಬಿಡುವುದು ನನ್ನ ಹೆಂಡತಿ ಶಾರದೆಯ ಪಾಲಿನ ಕೆಲಸ. ಒಂದು ದಿನ ಆಕೆ ಕುಕ್ಕರಿನ ಮುಚ್ಚಳ ಹಿಡಿದುಕೊಂಡೇ ತೀರ್ಪು ಕೊಟ್ಟಳು.

"ಸಾಕ್ರಿ ಇದು. ಬೇವೂರಿಂದ ನಮ್ಮ ಸೋದರಮಾವನ್ನ ಕರಸ್ತೀನಿ. ಅಂಗೈ ಮ್ಯಾಲೆ ತೆಂಗಿನಕಾಯಿ ಇಟ್ಕೊಂಡು ಅಡ್ಡಾಡ್ತಾನ. ಕಾಯಿ ಎದ್ದು ನಿಂತಲ್ಲಿ ನೀರು!"

ನನ್ನ ಮೂವತ್ತು ವರ್ಷದ ಸೇವೆಗೆ ಒಂದು ತೆಂಗಿನಕಾಯಿ ಪ್ರತಿಸ್ಪರ್ಧಿ!

"ಒಂದ್ ವಾರ ಟೈಮ್ ಕೊಡು," ಎಂದೆ. "ನೀರು ತೋರಿಸ್ಲಿಲ್ಲಂದ್ರ ನಿಮ್ಮ ಮಾವಗ ಕಾಯಿ ನಾನ ತಂದುಕೊಡ್ತೀನಿ."

ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಬಡಿದು ವಿದ್ಯುತ್ ಹರಿಸುವುದು ನಮ್ಮ ಪದ್ಧತಿ. ಒಣಕಲ್ಲಿನಲ್ಲಿ ಅದು ಮುನಿಸಿಕೊಳ್ಳುತ್ತದೆ, ನೀರಿದ್ದಲ್ಲಿ ಸರಾಗವಾಗಿ ಹರಿಯುತ್ತದೆ. ನಮ್ಮ ಹಿತ್ತಲಿನ ಬೇವಿನ ಗಿಡದ ಪಕ್ಕದಲ್ಲಿ ಓಡಿತು! ಇಡೀ ಸೇವಾವಧಿಯಲ್ಲಿ ಅಂಥ ಅಂಕಿ ಕಂಡಿರಲಿಲ್ಲ. ಅನುಮಾನ ಪಡಬೇಕಾಗಿತ್ತು. ನಾನು ಹೆಮ್ಮೆ ಪಟ್ಟೆ.

ಬೋರ್ ಕೊರೆಯುವ ಲಾರಿ ಬಂತು. ಶಾರದೆ ಜಾಗಕ್ಕೆ ಅರಿಶಿನ ಕುಂಕುಮ ಏರಿಸಿದಳು. ಯಂತ್ರ ಗರ್ಜಿಸಿದ್ದೇ ತಡ, ನಾಲ್ಕನೇ ಅಡಿಗೆ ನೀರು ಮಾಳಿಗೆ ಎತ್ತರ ಚಿಮ್ಮಿತು.

"ಸರ, ನಾಕ ಫೂಟಿಗೆ ನೀರಾ? ನಾ ಎಲ್ಲೂ ಕಂಡಿಲ್ರಿ," ಎಂದ ಲಾರಿಯವ.

"ಇಷ್ಟು ದಿನ ಯಾರ ಕಡಿಂದ ಪಾಯಿಂಟ್ ಮಾಡಸ್ತಿದ್ದಿ?" ಎಂದೆ.

ಓಣಿಗೆ ಓಣಿಯೇ ಕೊಡ ಹಿಡಿದು ಬಂತು. ನಾನು ಒಗೆಯುವ ಕಲ್ಲನ್ನೇರಿ ಗ್ರಾನೈಟ್ ಶಿಲೆಯ ಬಿರುಕುಗಳನ್ನು ಕುರಿತು ಕಿರು ಉಪನ್ಯಾಸ ದಯಪಾಲಿಸಿದೆ. ಪಕ್ಕದ ಮನೆಯ ಖೈರುನ್ನೀಸಾ ಬೊಗಸೆಯ ನೀರನ್ನು ಮೂಸಿ ನೋಡಿದರು.

"ಭಾಯಿಸಾಬ್, ಇದಕ್ಕ ಬ್ಲೀಚಿಂಗ್ ಪೌಡರ್ ವಾಸನಿ ಐತಲ್ರಿ?"

"ಖನಿಜಾಂಶ," ಎಂದೆ. "ಆರೋಗ್ಯಕ್ಕ ಭಾಳ ಛಲೋ."

ಅಷ್ಟರಲ್ಲಿ ನೀರು ನಿಂತಿತು. ಕ್ರಮೇಣ ಅಲ್ಲ, ಒಮ್ಮೆಲೇ. ಸ್ವಲ್ಪ ಹೊತ್ತಿಗೆ ನಳದ ನೀರು ಬಿಡುವ ಮೆಹಬೂಬ ಏದುಸಿರು ಬಿಡುತ್ತ ಸೈಕಲ್ಲಿನಲ್ಲಿ ಬಂದ.

"ಯಾರ್ರೀ ಪೈಪ್ ಒಡದವ್ರು? ಇವತ್ತ ನೀರು ಬಿಟ್ರೂ ಹಿಂದಿನ ಮೂರು ಓಣಿಗೆ ಹನಿ ಹೋಗಿಲ್ಲ! ವಾಲ್ವ್ ಬಂದ್ ಮಾಡಿ ಬಂದೀನಿ."

"ಇಲ್ಲಿ ಪೈಪ್ ಇಲ್ಲ," ಎಂದು ಕಲ್ಲಿನ ಮೇಲಿಂದಲೇ ಘೋಷಿಸಿದೆ. "ಸರ್ವೆ ಮಾಡಿದಾಂವ ನಾನು. ಇದ್ರ ನಕ್ಷಾ ತೋರಸು!"

ಸೈಕಲ್ಲಿನ ಚೀಲದಿಂದ ತೆಗೆದು ತೋರಿಸಿದ. ಓಣಿ ಹುಟ್ಟುವ ಮೊದಲೇ ಹೂತ ಹಳೆಯ ಕಬ್ಬಿಣದ ಪೈಪು ನಮ್ಮ ಬೇವಿನ ಗಿಡದ ಬುಡದಲ್ಲೇ ಕೆಂಪು ಗೆರೆಯಾಗಿ ಹಾದುಹೋಗಿತ್ತು. ಕಬ್ಬಿಣದಲ್ಲಿ ವಿದ್ಯುತ್ ನೀರಿಗಿಂತ ಸರಾಗವಾಗಿ ಹರಿಯುತ್ತದೆ. ಇದು ಹೈಸ್ಕೂಲಿನ ಪಾಠ. ನಕ್ಷೆಯ ಮೂಲೆಯಲ್ಲಿ "ಖುದ್ದಾಗಿ ಪರಿಶೀಲಿಸಿದೆ" ಎಂದು ಯಾರೋ ಸಹಿ ಹಾಕಿದ್ದರು.

ಶಾರದೆ ಬಗ್ಗಿ ನೋಡಿದಳು. "ಇದು ನಿಮ್ಮ ಸಹಿ ಅಲ್ರೀ? ಇಷ್ಟುದ್ದ ಬಾಲ ಮತ್ಯಾರು ಬಿಡ್ತಾರ?"

ನೌಕರಿಗೆ ಸೇರಿದ ಹೊಸತರಲ್ಲಿ ಈ ಪೈಪಿನ ಕೆಲಸಕ್ಕೆ ನನ್ನನ್ನು ಹಾಕಿದ್ದರು. ಆಗ ಇಲ್ಲಿ ಸಜ್ಜೆಯ ಹೊಲವಿತ್ತು. ನಾನು ಕಲ್ಲಿನಿಂದ ಕೆಳಗಿಳಿದೆ. ಜನ ಕೊಡಗಳೊಂದಿಗೆ ಚದುರಿದರು. ನೀರನ್ನು ಯಾರೂ ವಾಪಸು ಕೊಡಲಿಲ್ಲ.

ಹಿಂದಿನ ಮೂರು ಓಣಿಗಳಿಗೆ ಆ ವಾರ ನೀರು ಬರಲಿಲ್ಲ. ಭಾನುವಾರ ಬೇವೂರಿನ ಸೋದರಮಾವ ಬಂದರು. ತೆಂಗಿನಕಾಯಿ ನಾನೇ ತಂದುಕೊಟ್ಟೆ. ಜುಟ್ಟಿಲ್ಲದ್ದು ನಡೆಯುವುದಿಲ್ಲವೆಂದರು. ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದೆ.