ದೃಷ್ಟಿ ತೆಗೆಸಿಕೊಂಡ ಮೀನು

ನೀಲಕಂಠ ಮನೆಗೆ ಮೀನು ತಂದದ್ದೇ ಒಂದು ತಪ್ಪು. ತಂದ ಮೇಲೆ ಅಕ್ಕನ ಬಾಯಿ ಮುಚ್ಚಿಸಲು ಅದನ್ನು ವಿಷ್ಣು ಅಂದದ್ದು ಇನ್ನೂ ದೊಡ್ಡ ತಪ್ಪು.

ಮುನವಳ್ಳಿಯ ಆ ಮನೆಯೊಳಗೆ ಈರುಳ್ಳಿ ಸಹ ಹಿತ್ತಲ ಬಾಗಿಲಿನಿಂದ ಕದ್ದು ಬರಬೇಕು. ಅಂಥ ಮನೆಯ ಪಡಸಾಲೆಯಲ್ಲಿ, ಉಪ್ಪಿನಕಾಯಿ ಹಾಕುವ ಗಾಜಿನ ಬರಣಿಯೊಳಗೆ, ಬೆರಳುದ್ದದ ಮೀನೊಂದು ಬೆಳಬೆಳಿಗ್ಗೆ ಈಜಾಡುತ್ತಿತ್ತು. ಅಕ್ಕ ಲೀಲಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದೇನೋ ನೀಲೂ, ಮಡಿ ಮನ್ಯಾಗ?"

"ಇವತ್ತೊಂದ ದಿನ ಅಕ್ಕಾ. ಮಧ್ಯಾಹ್ನ ಧಾರವಾಡದಿಂದ ನಮ್ಮ ಸಂಜೀವ ಸರ್ ಬಂದು ನೋಡತಾರ. ಮತ್ತ ಮೀನಂದ್ರ ಯಾರು? ಮೊದಲನೇ ಅವತಾರ. ಓಣಿಗೆಲ್ಲಾ ಪುರಾಣ ಹೇಳಾಕಿ ನೀನು, ನಿನಗ ಗೊತ್ತಿಲ್ಲೇನು?"

ಲೀಲಾಬಾಯಿ ಮೂಗಿನಿಂದ ಸೆರಗು ತೆಗೆದಳು. ಆಮೇಲೆ ಕೈಯನ್ನೂ ಮುಗಿದಳು.

ನಿಜಕ್ಕೂ ನೀಲಕಂಠನಿಗೆ ಬೇಕಾಗಿದ್ದದ್ದು ಮೀನಲ್ಲ, ಅದರ ಕಿವಿರಿಗೆ ಕೊಂಡಿ ಹಾಕಿ ಕುಳಿತ ಹುಳುಗಳು. ಸಾಸಿವೆಗಿಂತ ಸಣ್ಣವು. ಸವದತ್ತಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳಿಕೊಂಡು, ಅವನು ಅರ್ಧ ಆಯುಷ್ಯ ಇಂಥ ಹುಳುಗಳ ಹಿಂದೆ ಕಳೆದಿದ್ದ. ಮೂಲದಲ್ಲಿ ಅವೆಲ್ಲ ಒಂದೇ ಬಳಗ. ಒಂದೇ ತವರಿನ ಅಕ್ಕತಂಗಿಯರು ಬೇರೆ ಬೇರೆ ಮನೆ ಸೇರಿ ಅಲ್ಲಲ್ಲಿನ ಒಲೆಗೆ ಕೈ ಹೊಂದಿಸಿಕೊಂಡಂತೆ, ಒಂದೊಂದು ಜಾತಿಯ ಮೀನು ಸೇರಿದ ಹುಳು ಲಕ್ಷಾಂತರ ವರ್ಷಗಳಲ್ಲಿ ಆ ಮೀನಿನ ಕಿವಿರಿಗೆ ತಕ್ಕಂತೆ ಕೊಂಡಿ ಬದಲಿಸಿಕೊಂಡು ಬೇರೆಯೇ ಆಗಿಬಿಟ್ಟಿತ್ತು. ಈ ಹುಳುವಿನಂಥ ಕೊಂಡಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಮೀನಾದರೂ ಈಗ ಮಲಪ್ರಭೆಯ ಬಲೆಗಳಿಗೆ ಬೀಳುವುದು ನಿಂತೇಹೋಗಿತ್ತು. ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಇದೊಂದು ಸಿಕ್ಕಿದ್ದೇ ಪುಣ್ಯ.

ಹಿಂದೊಮ್ಮೆ ಸಿಕ್ಕಾಗ ಹುಳುವನ್ನು ಬಿಡಿಸಲು ಹೋಗಿ, ಅವನ ಕೈ ನಡುಗಿ, ಅದು ಹರಿದುಹೋಗಿತ್ತು. "ಇನ್ನೊಮ್ಮೆ ಸಿಕ್ಕರ ನಾ ಬರೋತನಕ ಮುಟ್ಟಬ್ಯಾಡ. ನಾನ ಬಿಡಸ್ತೀನಿ" ಎಂದು, ಅವನಿಗೆ ಈ ಹುಳುಗಳ ವಿದ್ಯೆ ಕಲಿಸಿದ ಸಂಜೀವ ಸರ್ ತಾಕೀತು ಮಾಡಿದ್ದರು.

ಕೈ ನಡುಗಿದ್ದು ಸುಮ್ಮನೆ ಅಲ್ಲ. ಅದು ಹೆಂಡತಿ ಜ್ಯೋತ್ಸ್ನಾ ತೀರಿಕೊಂಡ ತಿಂಗಳು. ಬದುಕಿರುವಷ್ಟು ದಿನ ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಅವನ ಪಕ್ಕ ನಿಲ್ಲುತ್ತಿದ್ದವಳು. "ಒಂದ ಛಲೋ ಸೀರಿ ಕೊಡಸಲಿಲ್ಲ. ಹೊಸಾ ಹುಳಾ ಸಿಕ್ಕರ ಅದಕ್ಕರೆ ನನ್ನ ಹೆಸರಿಡ್ರಿ" ಎನ್ನುತ್ತಿದ್ದಳು. ನಗುತ್ತ ಅಂದ ಮಾತು. ಆದರೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕೊಡಲು ಅವನ ಕೈಯಲ್ಲಿ ಬೇರೇನೂ ಇರಲಿಲ್ಲ, ಪಾಪ.

"ಬರಣಿ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ನೀಲಕಂಠ ಬಸ್ ಸ್ಟ್ಯಾಂಡಿಗೆ ಹೋದ. ಬಸ್ಸು ಎಲ್ಲೋ ಕೆಟ್ಟು ನಿಂತು, ಅದರಿಂದ ಸರ್ ಇಳಿಯುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು.

ಮನೆ ಮುಂದೆ ಚಪ್ಪಲಿಗಳ ರಾಶಿ. ಹಿಂದೆ ಇಷ್ಟು ಚಪ್ಪಲಿ ಸೇರಿದ್ದು ಜ್ಯೋತ್ಸ್ನಾಳನ್ನು ಹೊರಗೆ ತಂದ ದಿನ. ಒಳಗಿನಿಂದ ಊದಿನಕಡ್ಡಿಯ ವಾಸನೆ ಬೇರೆ ಬರುತ್ತಿತ್ತು. ಹೆದರಿ ಒಳಗೆ ಇಣುಕಿದರೆ, ಬರಣಿಯ ಕೊರಳಿಗೆ ತುಳಸಿಮಾಲೆ, ಸುತ್ತಲೂ ಓಣಿಯ ಹೆಂಗಸರು. ಪ್ರಯಾಣದ ಮೈಲಿಗೆಯೆಂದು ಲೀಲಾಬಾಯಿ ಸರ್ ಅವರನ್ನು ಕಾಲು ತೊಳೆಯಲು ನೇರ ಹಿತ್ತಲಿಗೆ ಅಟ್ಟಿದಳು.

"ನೋಡ್ರಿ ನೀಲಕಂಠಣ್ಣಾ, ನಿಮ್ಮ ದೇವ್ರು ಹೆಂಗ ಗೆಲುವಾಗ್ಯಾನ" ಎಂದಳು ಎದುರು ಮನೆಯ ಕೃಷ್ಣವ್ವ.

ಮೀನು ನಿಜಕ್ಕೂ ಬರಣಿ ತುಂಬ ಸರಸರ ಓಡಾಡುತ್ತಿತ್ತು. ಕಿವಿರಿನಲ್ಲಿ ಹುಳು ಕೂತ ಮೀನು ಹೀಗೆ ಓಡಾಡುವುದಿಲ್ಲ; ನೀಲಕಂಠನಿಗೆ ಅದೇ ದಿಗಿಲಾಯಿತು.

"ಏನ ಮಾಡಿದ್ರಿ?"

"ಏನಿಲ್ರಿ. ಮುಂಜಾನಿಂದ ಗಾಜಿಗೆ ಮೈ ತಿಕ್ಕಾಕ ಹತ್ತಿತ್ತು, ಬಾಯಿ ಬಾಯಿ ಬಿಡತಿತ್ತು. ಓಣಿ ಮಂದಿಯೆಲ್ಲಾ ಬಂದು ನೋಡಿದ್ರ ದೃಷ್ಟಿ ತಾಗೂದಿಲ್ಲೇನ್ರಿ? ಒಂದು ಮುಷ್ಟಿ ಉಪ್ಪು ನಿವಾಳಿಸಿದ್ನಿ."

"ಆ ಉಪ್ಪು ಎಲ್ಲಿ ಹಾಕಿದ್ರಿ?"

"ನೀರಾಗ್ರಿ. ಉಪ್ಪು ಕರಗಿದಂಗ ದೃಷ್ಟಿ ಕರಗಬೇಕಲ್ಲ. ಅಷ್ಟಕ್ಕ ಬ್ಯಾರೆ ನೀರ್ಯಾಕ ಅಂತ ಬರಣ್ಯಾಗ ಹಾಕಿದ್ನಿ."

ಉಪ್ಪುನೀರಿಗೆ ಕಿವಿರಿನ ಹುಳು ಕೊಂಡಿ ಬಿಡುತ್ತದೆಂದು ವರ್ಷ ವರ್ಷ ಮಕ್ಕಳಿಗೆ ಪಾಠ ಹೇಳುವವನೇ ನೀಲಕಂಠ. ಮೀನನ್ನು ಹಿಡಿದು, ಕಿವಿರಿನ ಮುಚ್ಚಳ ಎತ್ತಿ, ಭೂತಗನ್ನಡಿ ಹಿಡಿದ. ತೊಳೆದಿಟ್ಟ ಹಾಗೆ ಕೆಂಪಗಿತ್ತು. ಒಂದು ಹುಳುವೂ ಇರಲಿಲ್ಲ.

ಮೀನನ್ನು ನೀರಿಗೆ ಬಿಟ್ಟು ಅವನು ಅಲ್ಲೇ ನೆಲಕ್ಕೆ ಕುಳಿತ. ಅಷ್ಟು ದಿನ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು. ಮಕ್ಕಳ ಹಾಗೆ ದನಿ ತೆಗೆದು ಅತ್ತ.

"ಎಂಥಾ ಭಕ್ತಿ ನೋಡ್ರಿ" ಎಂದಳು ಕೃಷ್ಣವ್ವ. ಹೆಂಗಸರು ಇನ್ನೊಮ್ಮೆ ಕೈಮುಗಿದರು.

ಲೀಲಾಬಾಯಿಗೆ ಮಾತ್ರ ಗಾಬರಿಯಾಯಿತು. "ಆಕಿ ಹೋದಾಗ ಸೈತ ನೀ ಹಿಂಗ ಅಳಲಿಲ್ಲಲ್ಲೋ ನೀಲೂ. ಇದು ತಗೋ, ಸಮಾಧಾನ ಆಗತದ" ಎಂದು ಸಣ್ಣ ಬಟ್ಟಲಿನಿಂದ ತಮ್ಮನ ಅಂಗೈಗೆ ತೀರ್ಥ ಸುರಿದಳು. ಬೇಡವೆನ್ನಲೂ ತ್ರಾಣವಿಲ್ಲದೆ ಅವನು ಗುಟುಕರಿಸಿದ. ಉಪ್ಪುಪ್ಪಾಗಿತ್ತು. ತನ್ನದೇ ಕಣ್ಣೀರು ಅಂದುಕೊಂಡ.

ಅಷ್ಟರಲ್ಲಿ ಸಂಜೀವ ಸರ್ ಕಾಲು ಒರೆಸಿಕೊಳ್ಳುತ್ತ ಒಳಗೆ ಬಂದು ಸಂಗತಿ ಕೇಳಿದರು. ಕೇಳಿ ನಕ್ಕರು.

"ಇದಕ್ಕ ಅಳತಾರೇನೋ? ಉಪ್ಪಿಗೆ ಬಿಟ್ಟ ಹುಳಾ ಎಲ್ಲಿಗೆ ಹೋಗತಾವ? ಸತ್ತು ತಳದಾಗ ಬಿದ್ದಿರತಾವ. ಹರೀಲಾರದ ಇಡೀ ಹುಳಾ! ನಾನು ಬಿಡಿಸಿದ್ರೂ ಇಷ್ಟು ಛಂದ ಬರತಿದ್ದಿಲ್ಲ. ನನಗ ಒಂದು ಸಿಕ್ಕರ ಸಾಕು. ಏನ ಹೆಸರಿಡಾಂವ, ಹೇಳು."

ನೀಲಕಂಠ ಕಣ್ಣೊರೆಸಿಕೊಂಡು ಎದ್ದ. ಬಹಳ ದಿನಗಳ ಮೇಲೆ ಮುಖದಲ್ಲಿ ನಗು ಬಂದಿತ್ತು. ಬರಣಿಗೆ ಕಣ್ಣು ಹಚ್ಚಿ ನೋಡಿದ. ನೀರು ಕನ್ನಡಿಯಂತೆ ತಿಳಿಯಾಗಿತ್ತು.

"ಅಕ್ಕಾ, ಮೊದಲಿನ ನೀರು?"

"ದೇವರನ್ನ ಉಪ್ಪುನೀರಾಗ ಇಡತಾರೇನು? ಬ್ಯಾರೆ ಹಾಕೀನಿ. ಅದು ಮತ್ಸ್ಯತೀರ್ಥ ಅಲ್ಲೇನೋ, ಮ್ಯಾಲಿಂದು ಓಣಿಯವರಿಗೆ ಕೊಟ್ಟೆ." ಲೀಲಾಬಾಯಿ ಬರಿದಾದ ಬಟ್ಟಲನ್ನು ಸೆರಗಿನಿಂದ ಒರೆಸುತ್ತ, ಅಕ್ಕರೆಯಿಂದ ಅಂದಳು. "ತಳದಾಗಿಂದು, ಬರಣಿ ಬಗ್ಗಿಸಿ ಒಂದು ಹನಿ ಬಿಡಲಾರದ, ನಿನಗಂತ ತಗದಿಟ್ಟಿದ್ದೆ. ಈಗ ಕುಡದ್ಯಲ್ಲ, ಅದ."

ಸರ್ ಹೆಸರು ಬರೆಯಲೆಂದು ಬಿಚ್ಚಿದ್ದ ಪೆನ್ನಿನ ಟೋಪಿ ಮುಚ್ಚಿದರು.

"ಹೊಟ್ಟ್ಯಾಗ ಹೋತಲ್ಲ, ಇನ್ನ ನಿಮಗ ಎಲ್ಲಾ ಚಲೋ ಆಗತೈತಿ ಬಿಡ್ರಿ" ಎಂದಳು ಕೃಷ್ಣವ್ವ.

ನೀಲಕಂಠ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟುಕೊಂಡ. ಸಂಜೆಯಾದರೂ ಆ ಕೈ ತೆಗೆಯಲಿಲ್ಲ.